ಮೈಕು ಆಮೇಲೆ, ಮೊದಲು ಫ್ಯಾನ್ ಆರಿಸಿ: ಮನೆಯಲ್ಲೇ ರ‍್ಯಾಪ್ ರೆಕಾರ್ಡ್ ಮಾಡುವವರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರ‍್ಯಾಪ್ ಮಾಡುವವರದ್ದೇ. ಸುತ್ತಿ ಬಳಸಿ ಎಲ್ಲರೂ ಕೇಳಿರುವುದು ಒಂದನ್ನೇ: ಕಡಿಮೆ ದುಡ್ಡಲ್ಲಿ ಯಾವ ಮೈಕು ತಗೊಳ್ಳಲಿ? ಹಾಗಾಗಿ ಕಾರ್ ಸ್ಪೀಕರ್, ಹೋಮ್ ಥಿಯೇಟರ್ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ತಳ್ಳಿದ್ದೇನೆ. ಅವರು ಬೈಕೊಳ್ಳಬಾರದು. ಬೇರೆಯವರ ದನಿಯನ್ನು ಮಿಕ್ಸ್ ಮಾಡುವುದು ನನ್ನ ಹೊಟ್ಟೆಪಾಡು. ಮನೆಯಲ್ಲಿ ರೆಕಾರ್ಡ್ ಮಾಡಿದ ಫೈಲುಗಳೇ ನನ್ನ ಟೇಬಲ್ಲಿಗೆ ಹೆಚ್ಚಾಗಿ ಬರುತ್ತವೆ. ಕೆಳಗಿನ ಉತ್ತರಗಳಲ್ಲಿ ಸ್ವಲ್ಪ ಸಿಡುಕು ಕಂಡರೆ ಅದು ಆ ಫೈಲುಗಳ ಮೇಲಿನದ್ದು, ನಿಮ್ಮ ಮೇಲಿನದ್ದಲ್ಲ.

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಲ್ಲಿ ಗೆಳೆಯನ ಜೊತೆ ರೂಮ್ ಮಾಡಿಕೊಂಡು ಡಿಗ್ರಿ ಓದುತ್ತಿದ್ದೇನೆ. ನಮ್ಮ ಕಡೆ ಮಾತಿನಾಗ ರ‍್ಯಾಪ್ ಬರೀತೀನ್ರಿ. ಲ್ಯಾಪ್‌ಟಾಪ್ ಇದೆ. ಕೈಯಲ್ಲಿ ಹತ್ತು ಹನ್ನೆರಡು ಸಾವಿರ ರೂಪಾಯಿ ಇದೆ. ವಿಡಿಯೊಗಳಲ್ಲಿ ಎಲ್ಲರೂ ಕಂಡೆನ್ಸರ್ ಮೈಕು ತಗೊಳ್ಳಿ, ಸ್ಟುಡಿಯೊ ಸೌಂಡ್ ಬರುತ್ತೆ ಅಂತಾರೆ. ಗೆಳೆಯ ಮಾತ್ರ ಡೈನಾಮಿಕ್ ತಗೋ ಅಂತಾನೆ. ಯಾವುದು ಖರೆ?

ಉತ್ತರ: ಇವತ್ತು ಸಂಜೆ ಗೆಳೆಯನಿಗೆ ಗಿರ್ಮಿಟ್ಟು, ಮಿರ್ಚಿ ಕೊಡಿಸಿ. ನಿಮ್ಮ ರೂಮಿಗೆ ಅವನು ಹೇಳಿದ್ದೇ ಸರಿ.

ಕಂಡೆನ್ಸರ್ ಅಂದರೆ ಚಾರ್ಜ್ ನಿಂತ ತೆಳು ಪೊರೆಯಿಂದ ದನಿ ಹಿಡಿಯುವ ಮೈಕು, ಡೈನಾಮಿಕ್ ಅಂದರೆ ಸುರುಳಿ, ಅಯಸ್ಕಾಂತದಿಂದ ಹಿಡಿಯುವ ಮೈಕು. ಕಂಡೆನ್ಸರ್ ಕೆಟ್ಟದ್ದು ಅಂತಲ್ಲ. ಸ್ಟುಡಿಯೊದಲ್ಲಿ ನಾನೂ ಅದನ್ನೇ ಬಳಸುತ್ತೇನೆ. ಆಡಿಯೊ ಟೆಕ್ನಿಕಾ ಕಂಪನಿಯ ಎಟಿ2020 ಅನ್ನೇ ನೋಡಿ. 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಹರ್ಟ್ಸ್ ಅನ್ನುವುದು ಸದ್ದು ಎಷ್ಟು ದಪ್ಪ, ಎಷ್ಟು ಕೀಚಲು ಎಂಬುದರ ಅಳತೆ, ಅಂಕಿ ಏರಿದಷ್ಟೂ ಕೀಚಲು. ಆರ್ಕೆಸ್ಟ್ರಾದವರ ಕೈಯಲ್ಲಿ ನೀವು ನೋಡಿರುವ ಶೂರ್ ಎಸ್‌ಎಂ58 ಡೈನಾಮಿಕ್ ಮೈಕು. 1966ರಲ್ಲಿ ಬಂದದ್ದು. ಅದರ ಓಟ 50ರಿಂದ 15,000 ಹರ್ಟ್ಸ್‌ಗೆ ಮುಗಿಯಿತು. ಅಕ್ಕಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಕಂಡೆನ್ಸರೇ ಮೇಲು ಅನ್ನಿಸುತ್ತದೆ. ಆದರೆ ನಿಮ್ಮ ರೂಮಿನಲ್ಲಿ ಆ ಮೇಲಿನ 5,000 ಹರ್ಟ್ಸ್‌ನಲ್ಲಿ ಏನಿದೆ? ಫ್ಯಾನಿನ ಗಾಳಿ, ಲ್ಯಾಪ್‌ಟಾಪಿನ ಒಳಗೆ ತಿರುಗುವ ಪುಟ್ಟ ಫ್ಯಾನು. ಕೆಳಗಿನ ಕೊನೆಯಲ್ಲಿ ರಸ್ತೆಯ ಲಾರಿಗಳು. ನಿಮ್ಮ ರ‍್ಯಾಪ್ ಇರುವುದು ನಡುವೆ.

‘ಡೈನಾಮಿಕ್ ಮೈಕಿಗೆ ಸೆನ್ಸಿಟಿವಿಟಿ ಕಮ್ಮಿ, ಅದಕ್ಕೇ ಅದು ರೂಮಿನ ಸದ್ದು ಹಿಡಿಯಲ್ಲ’ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದನ್ನು ನಂಬಬೇಡಿ. ಒಂದೇ ಮಟ್ಟದ ದನಿಗೆ ಎಟಿ2020 ಸುಮಾರು 14 ಮಿಲಿವೋಲ್ಟ್ ಕೊಟ್ಟರೆ ಎಸ್‌ಎಂ58 ಕೊಡುವುದು 2 ಮಿಲಿವೋಲ್ಟಿಗಿಂತ ಕಡಿಮೆ, ನಿಜ. ಆದರೆ ಕಡಿಮೆ ಬಂತು ಅಂತ ನೀವು ಗೇನ್ (ಮೈಕಿನಿಂದ ಬಂದದ್ದನ್ನು ಹಿಗ್ಗಿಸುವ ಮಟ್ಟ) ಏರಿಸುತ್ತೀರಿ ಅಲ್ವಾ? ಆಗ ರೂಮಿನ ಸದ್ದೂ ಜೊತೆಗೇ ಏರುತ್ತದೆ.

ನಿಜವಾದ ಲೆಕ್ಕ ಇರುವುದು ದೂರದಲ್ಲಿ. ಬಾಯಿಗೂ ಮೈಕಿಗೂ ಇರುವ ದೂರ ಎರಡರಷ್ಟಾದರೆ ನಿಮ್ಮ ನೇರ ದನಿ ಸುಮಾರು 6 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಇಳಿಯುತ್ತದೆ. ಗೋಡೆಗೆ ಬಡಿದು ವಾಪಸ್ ಬರುವ ದನಿ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ನಾಲ್ಕು ಬೆರಳು ದೂರದಲ್ಲಿದ್ದವರು ಒಂದಡಿ ದೂರಕ್ಕೆ ಹೋದರೆ 12 ಡೆಸಿಬೆಲ್ ಕಳೆದುಕೊಂಡಿರಿ ಅಂತಲೇ ಲೆಕ್ಕ. ಡೈನಾಮಿಕ್ ಮೈಕನ್ನು ಮಾಡಿರುವುದೇ ತುಟಿಯ ಹತ್ತಿರ ಹಿಡಿದು ಹಾಡಲಿಕ್ಕೆ. ಅದರ ದುಂಡು ಜಾಲರಿಯ ಒಳಗೆ ಸ್ಪಂಜಿನ ಪದರ ಇರುತ್ತದೆ, ಉಸಿರಿನ ಏಟನ್ನು ಒಂದಿಷ್ಟು ತಡೆಯುತ್ತದೆ. ಕಂಡೆನ್ಸರ್ ಮುಂದೆ ಅಷ್ಟು ಹತ್ತಿರ ನಿಂತು ಕೂಗಿದರೆ ಬಾಯಿಂದ ಬರುವ ಗಾಳಿಯೆಲ್ಲ ಡಬ್ ಡಬ್ ಎಂದು ಬಡಿಯುತ್ತದೆ, ದನಿ ಊದಿಕೊಳ್ಳುತ್ತದೆ. ನೀವಾಗಿಯೇ ಹಿಂದೆ ಸರಿಯುತ್ತೀರಿ. ಸರಿದಿರೋ, ರೂಮು ಮೈಕಿನೊಳಗೆ ಬಂತು.

ರ‍್ಯಾಪಿಗೆ ಇದು ಯಾಕೆ ಇಷ್ಟು ಮುಖ್ಯ ಅಂತ ಕೇಳಬಹುದು. ಭಾವಗೀತೆಯೋ ಸಿನಿಮಾ ಹಾಡೋ ಆದರೆ ದನಿಯ ಮೇಲೆ ಧಾರಾಳವಾಗಿ ರಿವರ್ಬ್, ಅಂದರೆ ಕೃತಕ ಪ್ರತಿಧ್ವನಿ ಹಾಕುತ್ತೇವೆ. ಸಣ್ಣಪುಟ್ಟ ಗೋಡೆ ಸದ್ದು ಅದರಲ್ಲಿ ಮುಚ್ಚಿಹೋಗುತ್ತದೆ. ರ‍್ಯಾಪಿನ ದನಿಯನ್ನು ಒಣಗಿಸಿ, ಬೀಟ್‌ಗಿಂತ ಮುಂದೆ, ಕೇಳುವವನ ಮುಖದ ಎದುರಿಗೇ ನಿಲ್ಲಿಸಬೇಕು. ಅದಕ್ಕೆ ಕಂಪ್ರೆಸರ್‌ನಲ್ಲಿ ಗಟ್ಟಿಯಾಗಿ ಒತ್ತುತ್ತೇವೆ. ಜೋರಾದ ಅಕ್ಷರಗಳು ತಗ್ಗುತ್ತವೆ, ಆಮೇಲೆ ಇಡೀ ದನಿಯನ್ನು ಮೇಲೆತ್ತುತ್ತೇವೆ. 10 ಡೆಸಿಬೆಲ್ ಎತ್ತಿದರೆ ಎರಡು ಬಾರ್‌ಗಳ ನಡುವೆ ನೀವು ಉಸಿರು ತಗೊಳ್ಳುವ ಜಾಗವೂ 10 ಡೆಸಿಬೆಲ್ ಮೇಲೆ ಬರುತ್ತದೆ. ಅಲ್ಲಿ ಫ್ಯಾನು ಕೂತಿರುತ್ತದೆ. ಸಾಲದ್ದಕ್ಕೆ ಡಬಲ್ (ಅದೇ ಸಾಲನ್ನು ಇನ್ನೊಮ್ಮೆ ಹೇಳಿ ಮೇಲೆ ಕೂರಿಸುವುದು), ಆಡ್‌ಲಿಬ್ (ನಡುನಡುವೆ ಹಾಕುವ ಕೂಗು). ಹುಕ್‌ಗೆ, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿಗೆ ನಾಲ್ಕು ಟ್ರ್ಯಾಕ್ ಹಾಕಿದರೆ ನಿಮ್ಮ ರೂಮು ನಾಲ್ಕು ಸಲ ಕೇಳುತ್ತದೆ. ಫ್ಯಾನಿನ ಸದ್ದನ್ನು ಸಾಫ್ಟ್‌ವೇರ್‌ನಲ್ಲಿ ಒಂದು ಮಟ್ಟಕ್ಕೆ ತೆಗೆಯಬಹುದು, ‘ಹ’ಕಾರ ‘ಸ’ಕಾರಗಳ ಜೀವವೂ ಜೊತೆಗೆ ಹೋಗುತ್ತದೆ. ಬೋಳು ಗೋಡೆಗಳ ನಡುವೆ ಸಾಲು ಮುಗಿದ ತಕ್ಷಣ ‘ಟಿಂಯ್’ ಎಂದು ಒಂದು ಬಾಲ ಉಳಿಯುತ್ತದಲ್ಲ, ಅದನ್ನು ತೆಗೆಯುವುದು ಇನ್ನೂ ತಲೆನೋವು. ಫೈಲು ತೆರೆದು ಮೊದಲ ಸಾಲು ಕೇಳುತ್ತಿದ್ದಂತೆ ನಾನು ಹುಡುಕುವುದು ಆ ಬಾಲವನ್ನೇ. ಮೈಕು ಯಾವುದು ಅಂತ ಆಮೇಲೆ ಕೇಳುತ್ತೇನೆ, ಎಷ್ಟೋ ಸಲ ಕೇಳುವುದೂ ಇಲ್ಲ.

ಇನ್ನು ನಿಮ್ಮ ದುಡ್ಡಿನ ಮಾತು. ಎಸ್‌ಎಂ58 ಜೊತೆಗೆ ಒಳ್ಳೆಯ ಇಂಟರ್‌ಫೇಸ್ (ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಡಬ್ಬಿ) ಎರಡೂ ಈ ಹಣದಲ್ಲಿ ಕಷ್ಟ. ನಾನಾದರೆ ಯುಎಸ್‌ಬಿ, ಎಕ್ಸ್‌ಎಲ್‌ಆರ್ (ಇಂಟರ್‌ಫೇಸಿಗೆ ಹೋಗುವ ಮೂರು ಪಿನ್ನಿನ ಜೋಡಣೆ) ಎರಡೂ ಇರುವ ಡೈನಾಮಿಕ್ ಮೈಕು ತಗೊಳ್ಳುತ್ತೇನೆ. ಸ್ಯಾಮ್ಸನ್ ಕ್ಯೂ2ಯು, ಮಾವೊನೊ ಪಿಡಿ200ಎಕ್ಸ್ ಎರಡೂ ಈ ಜಾತಿಯವು. ಇವತ್ತು ನೇರ ಲ್ಯಾಪ್‌ಟಾಪಿಗೆ ಚುಚ್ಚಿ. ನಾಳೆ ಇಂಟರ್‌ಫೇಸ್ ಬಂದರೆ ಅದೇ ಮೈಕು ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಓಡುತ್ತದೆ. ಎರಡರಲ್ಲೂ ಹೆಡ್‌ಫೋನ್ ತೂತು ಮೈಕಿನಲ್ಲೇ ಇದೆ, ನಿಮ್ಮ ದನಿ ತಡವಿಲ್ಲದೆ ಕಿವಿಗೆ ಬರುತ್ತದೆ. ಲ್ಯಾಪ್‌ಟಾಪ್ ಸುತ್ತಿ ಬರುವ ದನಿ ತಡವಾಗಿ ಕೇಳಿದರೆ ವೇಗದ ಫ್ಲೋ ಹಳಿ ತಪ್ಪುತ್ತದೆ. ಇದೇ ಕಾರಣಕ್ಕೆ ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡಬೇಡಿ. ಉಳಿದ ದುಡ್ಡಿಗೆ ಕಿವಿ ಪೂರ್ತಿ ಮುಚ್ಚುವ ವೈರ್ ಹೆಡ್‌ಫೋನ್, ಅಲುಗಾಡದ ಸ್ಟ್ಯಾಂಡು, ಪಾಪ್ ಫಿಲ್ಟರ್ (ಉಸಿರಿನ ಗಾಳಿ ತಡೆಯಲು ಮೈಕಿನ ಮುಂದೆ ಇಡುವ ತೆಳು ಪರದೆ). ಅಷ್ಟೇ.

ಇಂಟರ್‌ಫೇಸ್ ಬೇಕೇ ಬೇಕು ಅಂದರೆ ದುಡ್ಡು ಅದಕ್ಕೆ ಜಾಸ್ತಿ ಹಾಕಿ, ಮೈಕಿಗೆ ಕಡಿಮೆ. ಬೆರಿಂಜರ್ ಎಕ್ಸ್‌ಎಂ8500 ಅಗ್ಗದ ಮೈಕು, ಆದರೆ ಹತ್ತಿರದಿಂದ ಹೇಳಿದ ರ‍್ಯಾಪಿಗೆ ಮೋಸ ಮಾಡುವುದಿಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ, ಆಡಿಯೆಂಟ್ ಇವೊ 4 ತರಹದ ಇಂಟರ್‌ಫೇಸ್‌ಗಳು 56ರಿಂದ 58 ಡೆಸಿಬೆಲ್ ಗೇನ್ ಕೊಡುತ್ತವೆ. ಕೂಗಿ ಹೇಳುವ ರ‍್ಯಾಪಿಗೆ ಅದು ಧಾರಾಳ. ಪಾಡ್‌ಕಾಸ್ಟ್‌ನವರ ಮೇಜಿನ ಮೇಲೆ ಕಾಣುವ ಕಪ್ಪು ಶೂರ್ ಎಸ್‌ಎಂ7ಬಿ ಕಡೆ ಸದ್ಯಕ್ಕೆ ನೋಡಲೇಬೇಡಿ. ಅದಕ್ಕೆ ಸುಮಾರು 60 ಡೆಸಿಬೆಲ್ ಗೇನ್ ಬೇಕು, ಬೆಲೆಯಂತೂ ನಿಮ್ಮ ಪೂರ್ತಿ ಬಜೆಟ್ಟನ್ನು ನುಂಗಿ ಮತ್ತೆ ಕೈ ಚಾಚುತ್ತದೆ.

ಮೈಕು ಬಂದ ದಿನ ಒಂದು ಕೆಲಸ ಮಾಡಿ. ಹಾಡಿನಲ್ಲಿ ಅತಿ ಜೋರಾಗಿ ಕೂಗುವ ಸಾಲನ್ನು ಹೇಳುತ್ತಾ ಗೇನ್ ತಿರುಗಿಸಿ. ಮೀಟರ್ ಮೈನಸ್ 10 ಡೆಸಿಬೆಲ್ ಹತ್ತಿರ ಕುಣಿಯಲಿ. ಕೆಂಪು ಮುಟ್ಟಬಾರದು. ಆಮೇಲೆ ಬಾಯಿ ಮುಚ್ಚಿಕೊಂಡು, ಫ್ಯಾನ್ ಹಾಕಿ ಒಂದು ಸಲ, ಆರಿಸಿ ಒಂದು ಸಲ ಸುಮ್ನೆ ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿ. ಎರಡನ್ನೂ 15 ಡೆಸಿಬೆಲ್ ಏರಿಸಿ ಹೆಡ್‌ಫೋನ್‌ನಲ್ಲಿ ಕೇಳಿ. ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಏನು ಅಂತ ನನಗೂ ಗೊತ್ತು. ಒಂದು ವರ್ಸ್ ಹೇಳಿ, ಫ್ಯಾನ್ ಹಾಕಿಕೊಂಡು ಬೆವರು ಒರೆಸಿಕೊಳ್ಳಿ, ಮತ್ತೆ ಆರಿಸಿ.

ಪ್ರಶ್ನೆ: ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದರೆ ರೂಮ್ ಸೌಂಡ್‌ಪ್ರೂಫ್ ಆಗುತ್ತದೆಯೇ? ಅಂಗಡಿಯವರು ಪುಕ್ಕಟೆ ಕೊಡುತ್ತೇನೆ ಎಂದಿದ್ದಾರೆ. (ಶಿವಮೊಗ್ಗದಿಂದ ಒಬ್ಬರು)

ಉತ್ತರ: ಆಗುವುದಿಲ್ಲ. ಹೊರಗಿನ ಸದ್ದು ತಡೆಯಲು ಅದಕ್ಕೆ ತೂಕವೇ ಇಲ್ಲ. ಒಳಗಿನ ದನಿಯಲ್ಲಿ ಮೇಲಿನ ಒಂದಿಷ್ಟನ್ನು ಮಾತ್ರ ಚದುರಿಸುತ್ತದೆ, ಎದೆಯಿಂದ ಬರುವ ದಪ್ಪ ದನಿಯನ್ನು ಮುಟ್ಟುವುದೂ ಇಲ್ಲ. ಧೂಳು, ಜಿರಳೆ ಪುಕ್ಕಟೆ. ಬೆಂಕಿ ತಗುಲಿದರೆ ಕಾಗದ ಭಗ್ಗನೆ ಹತ್ತಿಕೊಳ್ಳುತ್ತದೆ.

ಮನೆಯಲ್ಲಿ ಕೌದಿ ಇದೆಯೇ? ಉತ್ತರ ಕರ್ನಾಟಕದ ನೆಂಟರಿದ್ದರೆ ಖಂಡಿತ ಸಿಗುತ್ತದೆ. ಹಳೆ ಸೀರೆ, ಧೋತರ ಪದರ ಪದರವಾಗಿ ಸೇರಿಸಿ ಒತ್ತೊತ್ತಾಗಿ ಹೊಲಿದ ಆ ಭಾರದ ಹೊದಿಕೆ ನನಗೆ ಗೊತ್ತಿರುವ ಅಗ್ಗದ ಸೌಂಡ್ ಪ್ಯಾನೆಲ್. ಇಲ್ಲವಾದರೆ ದಪ್ಪ ರಜಾಯಿ, ಹತ್ತಿ ಹಾಸಿಗೆ. ಹೆಚ್ಚಿನವರು ಇದನ್ನು ಮೈಕಿನ ಹಿಂದೆ ಕಟ್ಟುತ್ತಾರೆ. ಕಟ್ಟಬೇಕಾದ್ದು ನಿಮ್ಮ ಬೆನ್ನ ಹಿಂದೆ. ಈ ಮೈಕುಗಳೆಲ್ಲ ಎದುರಿನ ಸದ್ದನ್ನು ಹಿಡಿಯುತ್ತವೆ, ಹಿಂಬದಿಯಿಂದ ಬರುವುದನ್ನು ಬಿಡುತ್ತವೆ. ಮೈಕಿನ ಮುಖ ಇರುವುದು ನಿಮ್ಮ ಕಡೆಗೆ, ಅಂದರೆ ಅದು ನೋಡುತ್ತಿರುವುದು ನಿಮ್ಮನ್ನು ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಆ ಗೋಡೆಯಿಂದ ಒಂದು ಗೇಣು ಮುಂದೆ ಹಗ್ಗ ಕಟ್ಟಿ ಕೌದಿ ಇಳಿಬಿಡಿ. ಗೋಡೆಗೆ ಅಂಟಿಸಿದ್ದಕ್ಕಿಂತ ಹಿಂದೆ ಗಾಳಿಗೆ ಜಾಗ ಬಿಟ್ಟರೆ ಜಾಸ್ತಿ ಹೀರುತ್ತದೆ. ಇನ್ನೊಂದು ಇದ್ದರೆ ಪಕ್ಕಕ್ಕೆ. ರೂಮಿನ ನಟ್ಟನಡುವೆಯಾಗಲಿ, ಮೂಲೆಗೆ ಒತ್ತಿಕೊಂಡಾಗಲಿ ನಿಲ್ಲಬೇಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಬಿಎಂ-800 ಎಂಬ ಕಂಡೆನ್ಸರ್ ಮೈಕು ಸ್ಟ್ಯಾಂಡು, ಫಿಲ್ಟರ್ ಎಲ್ಲ ಸೇರಿ ತುಂಬಾ ಕಡಿಮೆಗೆ ಸಿಗುತ್ತಿದೆ. ತಗೊಳ್ಳಲೇ? (ಬಳ್ಳಾರಿ)

ಉತ್ತರ: ಬಿಎಂ-800 ಅನ್ನುವುದು ಒಂದು ಕಂಪನಿಯ ಒಂದು ಮೈಕಲ್ಲ. ಹಲವು ಕಾರ್ಖಾನೆಗಳು ಅದೇ ಹೆಸರಲ್ಲಿ, ಅದೇ ತರಹದ ಕೊಳವೆಯಲ್ಲಿ ಏನೇನೋ ತುಂಬಿ ಮಾರುತ್ತವೆ. ಹೊರಗೆ ದೊಡ್ಡ ಜಾಲರಿ, ಒಳಗೆ ಎಷ್ಟೋ ಸಲ ಗುಂಡಿಯಷ್ಟು ಚಿಕ್ಕ ಕ್ಯಾಪ್ಸೂಲು (ದನಿಯನ್ನು ಹಿಡಿಯುವ ಭಾಗ). ಅದರ ಜೊತೆ ಬರುವ ಸಣ್ಣ ಪಿನ್ನಿನ ಕೇಬಲ್‌ನಲ್ಲಿ ನೇರ ಲ್ಯಾಪ್‌ಟಾಪಿಗೆ ಹಾಕಿದರೆ ಸುಯ್ ಸದ್ದೇ ಮುಂದೆ, ನಿಮ್ಮ ದನಿ ಹಿಂದೆ. ಸ್ಟ್ಯಾಂಡು, ಪಾಪ್ ಫಿಲ್ಟರ್ ಉಪಯೋಗಕ್ಕೆ ಬರುತ್ತವೆ. ಅವಷ್ಟೇ ಬೇಕಿದ್ದರೆ ಬೇರೆಯಾಗಿ ಇನ್ನೂ ಕಡಿಮೆಗೆ ಸಿಗುತ್ತವೆ.

ಪ್ರಶ್ನೆ: ಮಂಡ್ಯದವಳು, ಕನ್ನಡದಲ್ಲೇ ರ‍್ಯಾಪ್ ಮಾಡ್ತೀನಿ. ಮೈಕು ಒಳ್ಳೆಯದೇ. ಆದರೆ ‘ಪ’, ‘ಬ’ ಬಂದಾಗೆಲ್ಲ ಡಬ್ ಅನ್ನುತ್ತೆ. ‘ಸ’, ‘ಶ’, ‘ಚ’ ಕಿವಿ ಕುಯ್ಯುತ್ತೆ. ಮೈಕು ಬದಲಾಯಿಸಬೇಕಾ?

ಉತ್ತರ: ಬೇಡ. ಮೈಕು ಇಟ್ಟ ಜಾಗ ಬದಲಾಯಿಸಿ.

ಈಗಲೇ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪೆಟ್ಟು’ ಅನ್ನಿ. ಗಾಳಿ ಅಂಗೈಯ ನಡುವೆ ಗುದ್ದುತ್ತದೆ. ‘ಫಟಾರ್’, ‘ಭರ್ಜರಿ’ ಅನ್ನಿ, ಇನ್ನೂ ಜೋರು. ಈಗ ಕೈಯನ್ನು ಅಷ್ಟೇ ದೂರದಲ್ಲಿ ಇಟ್ಟುಕೊಂಡು ಬಾಯಿಯ ಪಕ್ಕಕ್ಕೆ, ಕೆನ್ನೆಯ ನೇರಕ್ಕೆ ಸರಿಸಿ ಮತ್ತೆ ಹೇಳಿ. ಗಾಳಿ ಕೈಗೆ ತಾಗುವುದಿಲ್ಲ, ದನಿ ಮಾತ್ರ ಕೇಳುತ್ತಲೇ ಇದೆ. ಮೈಕಿಗೂ ಇದೇ ಉಪಾಯ. ತುಟಿಗೆ ನೇರವಾಗಿ ಇಡಬೇಡಿ. ಸ್ವಲ್ಪ ಪಕ್ಕಕ್ಕೆ ಸರಿಸಿ, ಅದರ ಮೂತಿಯನ್ನು ಬಾಯಿಯ ಮೂಲೆಯ ಕಡೆಗೆ ತಿರುಗಿಸಿ. ‘ಡಬ್’ ಹೋಗುತ್ತದೆ. ‘ಸ’ ಕೂಡ ಮೆತ್ತಗಾಗುತ್ತದೆ, ಯಾಕೆಂದರೆ ಹಲ್ಲಿನ ಸಂದಿಯಿಂದ ಬರುವ ಚೂಪು ಸದ್ದು ನೇರ ಮುಂದಕ್ಕೇ ಜಾಸ್ತಿ ಹೋಗುತ್ತದೆ.

ಆಮೇಲೆ ಪಾಪ್ ಫಿಲ್ಟರ್. ಅದನ್ನು ಮೈಕಿಗೆ ಅಂಟಿಸಿದರೆ ಪ್ರಯೋಜನ ಕಡಿಮೆ. ಮೈಕಿನಿಂದ ಮೂರು ಬೆರಳಾದರೂ ಜಾಗ ಬಿಡಿ, ಗಾಳಿ ಒಡೆದು ಚದುರಲು ಅಷ್ಟು ಜಾಗ ಬೇಕು. ಕಸೂತಿ ಹಾಕುವ ರಿಂಗ್‌ಗೆ ತೆಳ್ಳನೆಯ ನೈಲಾನ್ ಸಾಕ್ಸ್ ಎರಡು ಪದರ ಬಿಗಿದರೂ ಕೆಲಸ ಆಗುತ್ತದೆ. ಅಮ್ಮನನ್ನು ಕೇಳಿಯೇ ತಗೊಳ್ಳಿ.

ಕನ್ನಡ ರ‍್ಯಾಪ್ ಮಿಕ್ಸ್ ಮಾಡುವಾಗ ನನಗೆ ಸಿಗುವ ದೊಡ್ಡ ಖುಷಿ ನಮ್ಮ ಒತ್ತಕ್ಷರಗಳು. ‘ಕೆಟ್ಟ’, ‘ಗಟ್ಟಿ’, ‘ಸಿಕ್ಕಾಪಟ್ಟೆ’. ಆ ‘ಟ್ಟ’ದಲ್ಲಿ ಒಂದು ಕ್ಷಣ ಪೂರ್ತಿ ಸದ್ದು ನಿಂತು ಆಮೇಲೆ ಸಿಡಿಯುತ್ತದೆ. ಬೀಟ್‌ನ ಸ್ನೇರ್ ಡ್ರಮ್ಮಿನ ಏಟಿನ ಮೇಲೆ ಅದು ಕೂತರೆ ಬೇರೆ ತಾಳ ಬೇಡ. ನಿಮ್ಮ ರೂಮು ಗುಂಯ್‌ಗುಟ್ಟುತ್ತಿದ್ದರೆ ಹೋಗುವುದು ಮೊದಲು ಈ ಸಣ್ಣ ನಿಲುಗಡೆಯೇ. ಹಿಂದಿನ ಸ್ವರದ ಬಾಲ ಬಂದು ಆ ತೆರಪನ್ನು ತುಂಬಿಬಿಡುತ್ತದೆ. ನಾನು ಮೇಲೆ ಕೌದಿ ಕೌದಿ ಅಂತ ಬಡಕೊಂಡಿದ್ದು ಇದಕ್ಕೇ. ಇಷ್ಟಾದ ಮೇಲೂ ಅಡಿಯಲ್ಲಿ ಗುಡುಗು ಉಳಿದರೆ 80ರಿಂದ 100 ಹರ್ಟ್ಸ್‌ನ ಕೆಳಗಿನದ್ದನ್ನು ಹೈ-ಪಾಸ್ ಫಿಲ್ಟರ್‌ನಲ್ಲಿ ಕತ್ತರಿಸಿ. ‘ಸ’ಕಾರಕ್ಕೆ ಡಿ-ಎಸ್ಸರ್ (ಚೂಪು ‘ಸ’ ಸದ್ದನ್ನು ಮಾತ್ರ ತಗ್ಗಿಸುವ ಸಾಧನ) ಹಾಕಿ, 5,000ದಿಂದ 8,000 ಹರ್ಟ್ಸ್ ನಡುವೆ ಹುಡುಕಿದರೆ ನಿಮ್ಮದು ಸಿಗುತ್ತದೆ. ಜಾಸ್ತಿ ಹಾಕಬೇಡಿ, ‘ಸರಿ’ ಹೋಗಿ ‘ತರಿ’ ಆಗುತ್ತದೆ.

ಪ್ರಶ್ನೆ: ಗಂಗಾವತಿಯಿಂದ. ಇಂಟರ್‌ಫೇಸ್, ಮೈಕು ಎರಡೂ ಹೊಸದು. ಆದರೂ ಹಿಂದೆ ಸದಾ ‘ಗುಂಯ್’ ಎಂಬ ಸದ್ದು. ಲ್ಯಾಪ್‌ಟಾಪ್ ಮುಟ್ಟಿದರೆ ಸದ್ದು ಬದಲಾಗುತ್ತದೆ.

ಉತ್ತರ: ಮುಟ್ಟಿದರೆ ಬದಲಾಗುತ್ತದೆ ಎಂದು ಬರೆದು ನೀವೇ ಅರ್ಧ ಉತ್ತರ ಕೊಟ್ಟಿದ್ದೀರಿ. ಅರ್ಥಿಂಗ್ ಸಮಸ್ಯೆ ಇರಬೇಕು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ. ಸದ್ದು ನಿಂತರೆ ತಪ್ಪು ಮೈಕಿನದ್ದಲ್ಲ. ಮನೆಯ ಮೂರು ಪಿನ್ ಸಾಕೆಟ್‌ನಲ್ಲಿ ಅರ್ಥ್ ನಿಜಕ್ಕೂ ಇದೆಯೇ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಇದು ಹಾಡಿಗಿಂತ ಜೀವಕ್ಕೆ ಮುಖ್ಯ. ಮೈಕ್ ಕೇಬಲ್ಲನ್ನು ಪವರ್ ವೈರಿನ ಜೊತೆ ಸುತ್ತಿ ಇಡಬೇಡಿ.

ಪ್ರಶ್ನೆ: ಬೆಂಗಳೂರು, ಯಲಹಂಕ. ಸ್ಟೇಜ್ ಮೇಲೆ ಹೇಳಿ ಅಭ್ಯಾಸ. ಮೈಕ್ ಕೈಯಲ್ಲಿ ಇಲ್ಲದಿದ್ದರೆ ಫೀಲ್ ಬರಲ್ಲ. ಮನೆಯಲ್ಲೂ ಕೈಯಲ್ಲೇ ಹಿಡಿದು ರೆಕಾರ್ಡ್ ಮಾಡಬಹುದೇ? ಮಾರ್ಕೆಟ್‌ನ ಒಂದು ಅಂಗಡಿಯಲ್ಲಿ ‘ಒರಿಜಿನಲ್’ ಎಸ್‌ಎಂ58 ಎರಡು ಸಾವಿರಕ್ಕೆ ಕೊಡುತ್ತೇನೆ ಅಂತಿದ್ದಾರೆ.

ಉತ್ತರ: ಎರಡು ಸಾವಿರಕ್ಕೆ ಹೊಸ ಒರಿಜಿನಲ್ ಎಸ್‌ಎಂ58 ಕೊಡಲು ಅವರಿಗೇನು ತಲೆ ಕೆಟ್ಟಿದೆಯೇ? ಜಗತ್ತಿನಲ್ಲಿ ಅತಿ ಹೆಚ್ಚು ನಕಲಾಗುವ ಮೈಕುಗಳಲ್ಲಿ ಅದೂ ಒಂದು. ಡಬ್ಬಿ, ಚೀಲ, ಸ್ಟಿಕ್ಕರ್ ಎಲ್ಲ ಹಾಗೆಯೇ ಮಾಡುತ್ತಾರೆ. ಅಸಲಿಯ ತೂಕ 298 ಗ್ರಾಂ, ಅಡುಗೆಮನೆ ತಕ್ಕಡಿಯಲ್ಲೇ ನೋಡಬಹುದು. ತೂಕ ತೀರಾ ತಪ್ಪಿದರೆ ನಕಲಿ. ಸರಿ ಬಂದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ನಕಲು ಮಾಡುವವರ ಹತ್ತಿರವೂ ತಕ್ಕಡಿ ಇದೆ. ಅಧಿಕೃತ ಡೀಲರ್ ಬಿಲ್ ಕೊಟ್ಟರೆ ಮಾತ್ರ ತಗೊಳ್ಳಿ. ಕೈಯಲ್ಲಿ ಎರಡು ಸಾವಿರವೇ ಇದ್ದರೆ ದೊಡ್ಡ ಹೆಸರಿನ ನಕಲಿಗಿಂತ ಚಿಕ್ಕ ಹೆಸರಿನ ಅಸಲಿ ವಾಸಿ. ಎಕ್ಸ್‌ಎಂ8500 ಬಗ್ಗೆ ಮೇಲೆ ಬರೆದಿದ್ದೇನೆ.

ಕೈಯಲ್ಲಿ ಹಿಡಿದೇ ರೆಕಾರ್ಡ್ ಮಾಡಿ, ನನ್ನ ತಕರಾರಿಲ್ಲ. ಫೀಲ್ ಇಲ್ಲದ ಶುದ್ಧ ಟೇಕ್‌ಗಿಂತ ಫೀಲ್ ಇರುವ ಟೇಕ್ ನನಗೆ ಇಷ್ಟ. ಆದರೆ ರ‍್ಯಾಪರ್‌ಗಳು ಮಾಡುವ ಒಂದು ಕೆಲಸ ಬೇಡ: ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚುವುದು. ಎದುರಿನ ಸದ್ದನ್ನೇ ಹಿಡಿಯುವ ಗುಣ ಮೈಕಿಗೆ ಬರುವುದು ಕ್ಯಾಪ್ಸೂಲಿನ ಹಿಂಬದಿಯ ತೂತುಗಳಿಂದ. ಜಾಲರಿಯ ಕೆಳಭಾಗವನ್ನು ಕೈಯಲ್ಲಿ ಮುಚ್ಚಿದರೆ ಅವೂ ಮುಚ್ಚುತ್ತವೆ. ಆಗ ಅದು ಸುತ್ತಮುತ್ತಲಿನ ಎಲ್ಲ ಸದ್ದನ್ನೂ ಹಿಡಿಯುತ್ತದೆ. ನಿಮ್ಮ ದನಿ ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಸ್ಟೇಜ್ ಮೇಲೆ ‘ಕೂಂಯ್’ ಅಂತ ಸ್ಪೀಕರ್ ಕಿರುಚಿದಾಗ ಎಲ್ಲರೂ ಸೌಂಡ್ ಹುಡುಗನನ್ನು ಬೈಯುತ್ತಾರೆ. ಅವತ್ತು ಮೈಕ್ ಹಿಡಿದವರ ಕೈ ಎಲ್ಲಿತ್ತು ಅಂತ ಯಾರೂ ನೋಡುವುದಿಲ್ಲ. ಹಿಡಿಕೆಯಲ್ಲಿ ಹಿಡಿಯಿರಿ, ಉಂಗುರ ಕಳಚಿಡಿ, ಕೇಬಲ್ಲನ್ನು ಕೈಗೆ ಒಂದು ಸುತ್ತು ಸುತ್ತಿಕೊಳ್ಳಿ.

ಪ್ರಶ್ನೆ: ಮೂಡುಬಿದಿರೆಯಲ್ಲಿ ನಮ್ಮದು ಹಂಚಿನ ಮನೆ. ಮಳೆ ಶುರುವಾದ ಮೇಲೆ ನನ್ನ ಕಂಡೆನ್ಸರ್ ಮೈಕು ಮಧ್ಯೆ ಮಧ್ಯೆ ‘ಚಟ್ ಚಟ್’, ‘ಚರ್ರ್’ ಅನ್ನುತ್ತದೆ. ಬೇಸಿಗೆಯಲ್ಲಿ ಸರಿ ಇತ್ತು. ಹಾಳಾಯಿತೇ?

ಉತ್ತರ: ಬಹುಶಃ ಇಲ್ಲ, ತೇವ ಕುಡಿದಿದೆ. ಕಂಡೆನ್ಸರ್ ಒಳಗೆ ಕೆಲವೇ ಮೈಕ್ರಾನ್ ದಪ್ಪದ ಪೊರೆ, ಅದರ ಹಿಂದೆ ಕೂದಲೆಳೆಯಷ್ಟು ಸಂದು ಬಿಟ್ಟು ಒಂದು ಲೋಹದ ತಟ್ಟೆ ಇರುತ್ತದೆ. ನಡುವೆ ವಿದ್ಯುತ್ ಚಾರ್ಜ್ ನಿಂತಿರಬೇಕು. ತೇವ ಸೇರಿಕೊಂಡರೆ ಚಾರ್ಜ್ ಸೋರುತ್ತದೆ, ಅದೇ ನಿಮಗೆ ಚಟ್ ಚಟ್ ಅಂತ ಕೇಳುವುದು. ಬಾಯಿಂದ ಹಾರುವ ಉಗುಳು ಬೇರೆ. ಹಾಡುವವರಿಗಿಂತ ರ‍್ಯಾಪ್ ಮಾಡುವವರು ಜಾಸ್ತಿ ಉಗುಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮೈಕನ್ನು ಎರಡು ಮೂರು ದಿನ ಇಡಿ. ತೇವ ಹೀರಿದಾಗ ಬಣ್ಣ ಬದಲಾಗುವ ಹರಳು ಸಿಕ್ಕರೆ ಒಳ್ಳೆಯದು, ಯಾವಾಗ ಬದಲಿಸಬೇಕು ಎಂದು ಗೊತ್ತಾಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಹುಡಿ ಒಳಗೆ ಹೋಗುತ್ತದೆ. ಹೇರ್ ಡ್ರೈಯರ್ ಹಿಡಿಯಬೇಡಿ, ಪೊರೆ ಹೋಗುತ್ತದೆ. ಮಳೆಗಾಲ ಮುಗಿಯುವವರೆಗೆ ಮೈಕನ್ನು ಸ್ಟ್ಯಾಂಡ್ ಮೇಲೆ ಬಿಟ್ಟು ಮಲಗಬೇಡಿ, ಕೆಲಸ ಆದ ತಕ್ಷಣ ಡಬ್ಬಿಗೆ ಸೇರಿಸಿ. ಕೀಳುವ ಮೊದಲು ಇಂಟರ್‌ಫೇಸಿನಲ್ಲಿ ಮೈಕಿಗೆ ಕರೆಂಟು ಕೊಡುವ 48 ವೋಲ್ಟ್ ಗುಂಡಿ ಆರಿಸಿ ಸ್ವಲ್ಪ ಕಾಯಿರಿ.

ಕರಾವಳಿಯಲ್ಲಿ ಹೊಸದಾಗಿ ತಗೊಳ್ಳುವವರಿಗೆ ನಾನು ಡೈನಾಮಿಕ್ ಹೇಳಲು ಇದೂ ಒಂದು ಕಾರಣ. ಸುರುಳಿ ಮತ್ತು ಅಯಸ್ಕಾಂತದ ಮೇಲೆ ಓಡುವ ಅದಕ್ಕೆ ತೇವದ ಕಾಟ ಅಷ್ಟಿಲ್ಲ. ಹಂಚಿನ ಮೇಲಿನ ಮಳೆ ಸದ್ದಿಗೆ ಮಾತ್ರ ಯಾವ ಮೈಕಲ್ಲೂ ಮದ್ದಿಲ್ಲ. ಹೊಳವಾದಾಗ ರೆಕಾರ್ಡ್ ಮಾಡಿ.

ಪ್ರಶ್ನೆ: ನಾನು ರ‍್ಯಾಪರ್ ಅಲ್ಲ, ರ‍್ಯಾಪರ್ ತಾಯಿ. ತುಮಕೂರಿನವಳು. ಮಗ ಎರಡನೇ ಪಿಯುಸಿ. ಮೈಕು ಮತ್ತೆ ಏನೋ ಡಬ್ಬಿಗೆ ಇಪ್ಪತ್ತು ಸಾವಿರ ಕೇಳುತ್ತಿದ್ದಾನೆ. ಕೊಡಿಸಲೇ? ಅವನು ಬರೆಯುವುದು ಚೆನ್ನಾಗಿದೆ ಅಂತ ನನಗೂ ಅನ್ನಿಸುತ್ತದೆ, ಆದರೆ ರಾತ್ರಿ ಕೂಗಾಡುತ್ತಾನೆ. ಪಕ್ಕದ ಮನೆಯವರು ಗೊಣಗುತ್ತಾರೆ. ಸ್ಪಂಜು ಅಂಟಿಸಿದರೆ ಸದ್ದು ಹೊರಗೆ ಹೋಗುವುದಿಲ್ಲವಂತೆ, ಹೌದೇ?

ಉತ್ತರ: ಮೇಡಂ, ಇಪ್ಪತ್ತು ಸಾವಿರ ಈಗ ಬೇಡ. ಮೊದಲು ಎರಡು ಸಾವಿರದೊಳಗೆ ಒಂದು ವೈರ್ ಹೆಡ್‌ಫೋನ್ ಕೊಡಿಸಿ, ಕಿವಿ ಪೂರ್ತಿ ಮುಚ್ಚುವಂಥದ್ದು. ಅದು ಮುಂದೆ ಯಾವ ಮೈಕು ಬಂದರೂ ಬೇಕೇ ಬೇಕು. ರೆಕಾರ್ಡಿಂಗ್‌ಗೆ ಸದ್ಯಕ್ಕೆ ಅವನ ಫೋನ್ ಸಾಕು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಲಿ. ‘ವೇವ್’ ಫೈಲ್ ಕೊಡುವ ರೆಕಾರ್ಡಿಂಗ್ ಆ್ಯಪ್ ಬಳಸಲಿ. ಬೀಟನ್ನು ಬೇರೆ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಹಾಕಿ ಹೆಡ್‌ಫೋನ್‌ನಲ್ಲಿ ಕೇಳುತ್ತಾ ಹೇಳಲಿ. ಚಾರ್ಜರ್ ತೂತಿನ ಪಕ್ಕದ ಸಣ್ಣ ರಂಧ್ರವೇ ಮೈಕು, ಅದು ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಪಕ್ಕಕ್ಕೆ ಇರಲಿ. ಇನ್ನೂ ಹತ್ತಿರ ಹೋಗಿ ಕೂಗಿದರೆ ಫೋನಿನ ಮೈಕು ಒಡೆಯುತ್ತದೆ, ಅಂದರೆ ದನಿ ಕರಕರ ಅನ್ನುತ್ತದೆ.

ನಿಮ್ಮ ಸೀರೆ ಬೀರು ಅವನಿಗೆ ಒಂದು ಗಂಟೆ ಬಿಟ್ಟುಕೊಡಿ. ಬಾಗಿಲು ತೆರೆದು, ನೇತುಹಾಕಿದ ಸೀರೆಗಳಿಗೆ ಬೆನ್ನು ಹಾಕಿ ಅದಕ್ಕೆ ಒತ್ತಿಕೊಂಡೇ ನಿಂತು ಹೇಳಲಿ. ಎಷ್ಟೋ ದುಬಾರಿ ರೂಮುಗಳಲ್ಲಿ ಸಿಗದ ಒಣ ದನಿ ಅಲ್ಲಿ ಸಿಗುತ್ತದೆ. ಹೀಗೆ ನಾಲ್ಕೈದು ಹಾಡು ಪೂರ್ತಿ ಮುಗಿಸಿದರೆ ಆಗ ಹುಬ್ಬಳ್ಳಿಯವರಿಗೆ ಹೇಳಿದ ಮೈಕು ಕೊಡಿಸಿ. ಪೂರ್ತಿ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಅರ್ಧ ವರ್ಸ್ ಬರೆದಿಟ್ಟು ಮೈಕಿನ ವಿಡಿಯೊ ನೋಡುತ್ತಾ ಕೂರುವವರು ಈ ಲೋಕದಲ್ಲಿ ತುಂಬಾ ಜನ.

ಇನ್ನು ಸ್ಪಂಜಿನ ಮಾತು. ಅದು ಒಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತದೆ, ದನಿ ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ಅದನ್ನು ತಡೆಯಲು ತೂಕದ ಗೋಡೆ, ದಪ್ಪ ಬಾಗಿಲು ಬೇಕು. ದನಿ ನೀರಿದ್ದ ಹಾಗೆ, ಸಂದು ಸಿಕ್ಕ ಕಡೆ ನುಗ್ಗುತ್ತದೆ. ಬಾಗಿಲ ಕೆಳಗಿನ ಸಂದಿಗೆ ಹಳೆ ಬಟ್ಟೆ ಸುತ್ತಿ ತುರುಕಿ, ಪಕ್ಕದ ಮನೆ ಕಡೆಯ ಕಿಟಕಿ ಭದ್ರವಾಗಿ ಹಾಕಿ. ಸ್ವಲ್ಪ ಇಳಿಯುತ್ತದೆ, ಪೂರ್ತಿ ಅಲ್ಲ. ಹಾಗಂತ ಮೆಲ್ಲಗೆ ಹೇಳು ಅಂತ ಅವನಿಗೆ ಹೇಳಬೇಡಿ. ಪಿಸುಗುಟ್ಟಿದ್ದನ್ನು ನಾನು ಜೋರು ಮಾಡಬಹುದು, ಅದರಲ್ಲಿ ಎದೆಯ ದನಿ ಇರುವುದಿಲ್ಲ. ಬರೆಯುವುದು, ಬಾಯಿಪಾಠ ಮಾಡುವುದು ರಾತ್ರಿ ಇರಲಿ. ಟೇಕ್ ತಗೊಳ್ಳುವುದನ್ನು ಭಾನುವಾರ ಹಗಲಿಗೆ ಇಟ್ಟುಕೊಳ್ಳಲಿ. ಪಕ್ಕದ ಮನೆಯವರಿಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅಂತ ಮೊದಲೇ ಅವನೇ ಹೋಗಿ ಹೇಳಿ ಬರಲಿ, ನೀವಲ್ಲ.